ಸಿಂಹವಿಲ್ಲದ ಕುರ್ಚಿ

ಮೃಗಗಳು ಮನುಷ್ಯರೊಡನೆ ಇನ್ನೂ ಮಾತು ಬಿಟ್ಟಿರದ ಕಾಲದಲ್ಲಿ, ಕಡಲ ದಂಡೆಯ ಶಂಖಾವತಿ ಎಂಬ ರಾಜ್ಯವನ್ನು ವೀರಧವಳನೆಂಬ ರಾಜ ಆಳುತ್ತಿದ್ದ. ಒಳ್ಳೆಯವನೇ. ಊಟವೆಂದರೆ ಪ್ರೀತಿ, ಹಾಡೆಂದರೆ ಪ್ರೀತಿ, ಮಗಳು ಸುಗುಣಾವತಿಯೆಂದರೆ ಪ್ರಾಣ.

ಜಟಿಲಕನೆಂಬ ಮಾಂತ್ರಿಕ ಅವನಿಗೊಂದು ಸಿಂಹಾಸನವನ್ನು ಕಾಣಿಕೆ ತಂದ. ಕೈಗಳಿಗೆ ಸಿಂಹ, ಬೆನ್ನಿಗೆ ನವಿಲು, ಕಾಲುಗಳಿಗೆ ಹಾವು. ಕೆತ್ತನೆಯಿಲ್ಲದ ಜಾಗ ಗೇಣಗಲವೂ ಇರಲಿಲ್ಲ. ರಾಜ ಹಿಗ್ಗಿ ಕೂತ. ಕೂತವನಿಗೆ ಏಳಲಾಗಲಿಲ್ಲ. ಮೆತ್ತಗೆ ಮಾತಾಡಿದರೆ ಸಿಂಹ ಮೊಣಕೈ ಕಚ್ಚುತ್ತಿತ್ತು, ನಕ್ಕರೆ ನವಿಲು ಬೆನ್ನು ಕುಕ್ಕುತ್ತಿತ್ತು, ಹಾಡು ಗುನುಗಿದರೆ ಹಾವು ಹಿಮ್ಮಡಿಗೆ ಬಾಯಿ ಹಾಕುತ್ತಿತ್ತು. ಗದರಿದಾಗ ಮಾತ್ರ ಮೂರೂ ಸುಮ್ಮನಿರುತ್ತಿದ್ದವು. ಪಾಪ, ರಾಜ ಗದರುವುದನ್ನೇ ರೂಢಿ ಮಾಡಿಕೊಂಡ. ಹಾಡುಗಾರರನ್ನು ಗಡಿಪಾರು ಮಾಡಿದ. ಅಡಿಗೆಯವರನ್ನು ಸೆರೆಗೆ ಹಾಕಿದ. ನೆರೆಯ ರಾಜ ಕಳಿಸಿದ ಉಪ್ಪಿನಕಾಯಿಯಲ್ಲಿ ಉಪ್ಪು ಹೆಚ್ಚೆಂದು ಕೊನೆಗೆ ಯುದ್ಧವನ್ನೇ ಸಾರಿದ. ಜಟಿಲಕನಿಗೆ ಬೇಕಾಗಿದ್ದದ್ದೂ ಅದೇ. ಎರಡು ದಂಡುಗಳು ಹೊಡೆದಾಡಿ ಸತ್ತರೆ ಎರಡೂ ರಾಜ್ಯ ಅವನ ಕೈಗೆ.

ಸುಗುಣಾವತಿ ಮಾಂತ್ರಿಕನ ಬಳಿಗೆ ಹೋಗಿ ಅಪ್ಪನ ಬಿಡುಗಡೆಯ ದಾರಿ ಕೇಳಿದಳು. ಅವನಿಗೆ ಗುಟ್ಟು ಮುಚ್ಚಿಡುವ ಅಗತ್ಯವೇ ಕಾಣಲಿಲ್ಲ.

"ಇದನ್ನು ಬಿಟ್ಟು ಬೇರೊಂದು ಆಸನ ಬೇಕೆಂದು ಮನಸಾರೆ ಬಯಸಿದವನನ್ನು ಈ ಸಿಂಹಾಸನ ಬಿಡುತ್ತದೆ," ಎಂದ. "ಆದರೆ ಸಿಂಹಾಸನ ಬಿಟ್ಟು ಬೇರೆ ಆಸನ ಬಯಸುವ ರಾಜ ಎಲ್ಲಿದ್ದಾನಮ್ಮ?"

ಆ ಊರಿನ ಬಂದರಿನಲ್ಲಿ ಯೆನ್ಸ್ ಎಂಬ ಮುದುಕ ಬಡಗಿಯಿದ್ದ. ದೂರದ ಡೆನ್ಮಾರ್ಕ್ ದೇಶದಿಂದ ಹಡಗಿನಲ್ಲಿ ಬಂದು, ಇಲ್ಲಿಯ ಬಿಸಿಲು ಹಿಡಿಸಿ ಉಳಿದುಬಿಟ್ಟಿದ್ದ. ಅವನ ಕುರ್ಚಿಗಳಿಗೆ ಸಪೂರ ಕಾಲು. ಕೈಯೂ ಬೆನ್ನೂ ಒಂದೇ ಬಾಗಿದ ಮರವಾಗಿ ಕೂತವರನ್ನು ಬಳಸಿಕೊಳ್ಳುತ್ತಿತ್ತು. ಒಂದು ಹೂವಿನ ಕೆತ್ತನೆಯೂ ಇಲ್ಲ. ಊರಿನವರು ಅವನ್ನು ಕುರ್ಚಿಯ ಅಸ್ಥಿಪಂಜರ ಎಂದು ಆಡಿಕೊಳ್ಳುತ್ತಿದ್ದರು. ಸುಗುಣಾವತಿ ಒಮ್ಮೆ ಕೂತು ನೋಡಿದಳು. ಅಪ್ಪನ ಚಿಂತೆಯಲ್ಲಿ ವಾರಗಟ್ಟಲೆ ಬಿಗಿದುಕೊಂಡಿದ್ದ ಅವಳ ಹೆಗಲು ಸಡಿಲವಾಯಿತು. ಎದ್ದವಳೇ ಮರ ಹೆರೆಯುವ ಕೀಸುಳಿ ಕೈಗೆತ್ತಿಕೊಂಡು ಕಲಿಸು ಅಜ್ಜ ಎಂದು ಹಟ ಹಿಡಿದಳು.

ಕಲಿಯುವಾಗ ಬೆರಳು ಕುಯ್ದುಕೊಂಡಳು, ಮರ ಹಾಳು ಮಾಡಿದಳು. ಅವಳ ಮೊದಲ ಕುರ್ಚಿ ಕೂತ ಬೆಕ್ಕಿನ ಭಾರಕ್ಕೇ ಮುರಿಯಿತು. ಮುದುಕ ಬೈಯಲಿಲ್ಲ, ಬೆಕ್ಕನ್ನು ಸಮಾಧಾನ ಮಾಡಿದ. ಮೊಳೆಯಿಲ್ಲದೆ ಮರಕ್ಕೆ ಮರ ಕೂಡಿಸುವುದು ಕೈಗೆ ಬಂದ ಮೇಲೆ, ಅಪ್ಪನ ಕುರ್ಚಿಗೆ ಬೇಕಾದ್ದನ್ನು ತರಲು ಅವಳು ಜಟಿಲಕನ ಕಾಡಿಗೆ ಹೊರಟಳು. ಒಳ್ಳೆಯ ತೇಗ, ಜೊಂಡು, ಜೇನುಮೇಣ ಆ ಕಾಡಿನಲ್ಲಿ ಮಾತ್ರ ಸಿಗುತ್ತಿದ್ದವು.

ತೇಗದ ಮರವನ್ನು ಸಿಂಹವೊಂದು ಕಾಯುತ್ತಿತ್ತು. ಕುರ್ಚಿಯ ಕೈಯಲ್ಲಿ ನನ್ನ ಮುಖ ಕೆತ್ತಿದರೆ ಮರ ಕೊಡುತ್ತೇನೆ, ಇಲ್ಲದಿದ್ದರೆ ನಿನ್ನನ್ನೇ ತಿನ್ನುತ್ತೇನೆ ಎಂದಿತು.

"ಕೆತ್ತಬಹುದು," ಎಂದಳು ಸುಗುಣಾವತಿ. "ಆದರೆ ಕೂತವರೆಲ್ಲ ದಿನವಿಡೀ ನಿನ್ನ ಬಾಯಿಯೊಳಗೆ ಮೊಣಕೈ ಇಡುತ್ತಾರೆ. ಪರವಾಗಿಲ್ಲವೇ?"

ಸಿಂಹ ಬಾಯಿ ಮುಚ್ಚಿಕೊಂಡಿತು. ಮರ ಕಡಿದುಕೋ ಎಂದು ಪಕ್ಕಕ್ಕೆ ಸರಿಯಿತು.

ಹೊಳೆಯ ಜೊಂಡನ್ನು ನವಿಲೊಂದು ಕಾಯುತ್ತಿತ್ತು. ಕುರ್ಚಿಯ ಬೆನ್ನಿಗೆ ನನ್ನ ಗರಿ ಕೆತ್ತು, ಇಲ್ಲದಿದ್ದರೆ ಕಣ್ಣು ಕುಕ್ಕುತ್ತೇನೆ ಎಂದಿತು.

"ಕೆತ್ತಬಹುದು. ಆದರೆ ನಮ್ಮ ಊರಿನವರು ತಲೆಗೆ ಧಾರಾಳವಾಗಿ ಎಣ್ಣೆ ಹಚ್ಚುತ್ತಾರೆ. ಅಷ್ಟೂ ನಿನ್ನ ಗರಿಗೆ ಮೆತ್ತುತ್ತದೆ."

ನವಿಲು ಗರಿ ಮುದುಡಿಕೊಂಡು, ತಾನೇ ಜೊಂಡು ಕಿತ್ತು ಹೊರೆ ಮಾಡಿಕೊಟ್ಟಿತು.

ಜೇನುಗೂಡಿನ ಬಂಡೆಯನ್ನು ಹೆಡೆಯೆತ್ತಿದ ಹಾವೊಂದು ಕಾಯುತ್ತಿತ್ತು. ಅದಕ್ಕೆ ಕುರ್ಚಿಯ ಕಾಲು ಸುತ್ತಿಕೊಳ್ಳುವ ಆಸೆ. ದಿನಾ ಎರಡು ಹೊತ್ತು ಕಸಬರಿಗೆಯ ಏಟು ಬೀಳುತ್ತದೆ ಎಂದು ಸುಗುಣಾವತಿ ಹೇಳಿ ಮುಗಿಸುವಷ್ಟರಲ್ಲಿ ಹಾವು ಬಿಲ ಸೇರಿತ್ತು.

ತೇಗವನ್ನು ಬಾಗಿಸಿ ಕೂಡಿಸಿ, ಜೊಂಡಿನ ಹುರಿ ಹೊಸೆದು ಕೂರುವ ಜಾಗ ಹೆಣೆದು, ಮೇಣ ತಿಕ್ಕಿ, ಅವಳು ಕುರ್ಚಿಯನ್ನು ಆಸ್ಥಾನಕ್ಕೆ ಹೊತ್ತು ತಂದಳು. ಅದೇ ಹೊತ್ತಿಗೆ ನೆರೆಯ ರಾಜ ಸೈನ್ಯ ಸಮೇತ ಕೋಟೆಯ ಬಾಗಿಲಿಗೆ ಬಂದಿದ್ದ.

ರಾಜ ಕುರ್ಚಿಯನ್ನು ನೋಡಿ ಇದರ ಸಿಂಹ ಎಲ್ಲಿ ಎಂದು ಗದರಿದ. ಆಸ್ಥಾನವೆಲ್ಲ ನಕ್ಕಿತು. ಸುಗುಣಾವತಿಗೆ ಅಳು ಬಂತು. ಅಷ್ಟರಲ್ಲಿ ಸಿಂಹಾಸನದ ಹಿಂದೆ ನಿಂತಿದ್ದ ಜಟಿಲಕನ ಮೇಲೆ ಅವಳ ಕಣ್ಣು ಬಿತ್ತು. ರಾಜನ ಕಿವಿಯಲ್ಲಿ ಪಿಸುಗುಟ್ಟುತ್ತ ತಿಂಗಳುಗಟ್ಟಲೆ ನಿಂತು ಅವನ ಕಾಲುಗಳು ಬಾತುಹೋಗಿದ್ದವು. ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ದಾಟಿಸುತ್ತಲೇ ಇದ್ದ. ಅವಳು ಕಣ್ಣೊರೆಸಿಕೊಂಡು ಕುರ್ಚಿಯನ್ನು ಅವನ ಕಡೆ ತಿರುಗಿಸಿದಳು.

"ಅಪ್ಪಾಜಿಗೆ ಹಿಡಿಸಲಿಲ್ಲ, ಸ್ವಾಮಿ. ತಾವಾದರೂ ಕೂತು ಇದರ ದೋಷ ಹೇಳಬೇಕು."

ದೋಷ ಹೇಳುವುದೆಂದರೆ ಮಾಂತ್ರಿಕನಿಗೆ ಹಬ್ಬ. ಕೂತ. ಬೆನ್ನು ತೀರಾ ಸಾದಾ ಎಂದ. ಕೈ ತೀರಾ ನುಣುಪು ಎಂದ. ಕಾಲು... ಎಂದು ಶುರು ಮಾಡಿ ತನ್ನ ಕಾಲು ಚಾಚಿದ. ಆಮೇಲೆ ಕೇಳಿದ್ದು ಗೊರಕೆ.

ರಾಜ ಆ ಮುಖ ನೋಡಿದ. ಅಷ್ಟು ಸುಖವಾಗಿ ತಾನು ಕಣ್ಣು ಮುಚ್ಚಿ ಎಷ್ಟು ಕಾಲವಾಗಿತ್ತೋ. ಹೊಟ್ಟೆಯಲ್ಲಿ ಕಿಚ್ಚೆದ್ದಿತು.

"ಏಳೋ ಮೇಲೆ. ಅದು ನನ್ನ ಮಗಳು ನನಗೆಂದು ಮಾಡಿದ್ದು."

ಹೀಗೆ ಹೇಳುತ್ತ ಅವನು ದಡದಡ ನಡೆದುಬಂದು ಜಟಿಲಕನನ್ನು ರಟ್ಟೆ ಹಿಡಿದು ಎಬ್ಬಿಸಿ, ತಾನು ಕೂತ. ಸಿಂಹಾಸನದಿಂದ ಎದ್ದದ್ದು ಅವನ ಗಮನಕ್ಕೇ ಬರಲಿಲ್ಲ. ನಿದ್ದೆಗಣ್ಣಿನ ಮಾಂತ್ರಿಕ ತಡಕಾಡುತ್ತ, ಹತ್ತಿರ ಸಿಕ್ಕ ಆಸನದಲ್ಲಿ ಕುಸಿದ. ಅದು ಸಿಂಹಾಸನ. ಸಿಂಹ ಕಚ್ಚಿತು, ನವಿಲು ಕುಕ್ಕಿತು, ಹಾವು ಬಾಯಿ ಹಾಕಿತು. ಆಮೇಲೆ ಸಿಂಹಾಸನ ತನ್ನ ಕಾಲ ಮೇಲೆ ತಾನೇ ಎದ್ದು, ಚೀರುತ್ತಿದ್ದ ಅವನನ್ನು ಹೊತ್ತುಕೊಂಡು ಕಾಡಿನ ಕಡೆ ನಡೆದುಹೋಯಿತು.

ರಾಜ ಮಗಳ ಕೈ ಹಿಡಿದುಕೊಂಡ. ಗಾಯವಾದ ಬೆರಳುಗಳನ್ನು ನೋಡಿ ಮೆತ್ತಗೆ ಮಾತಾಡಿದ. ಯಾವುದೂ ಕಚ್ಚಲಿಲ್ಲ. ಸೆರೆಮನೆ ತೆರೆಸಿದ, ಹಾಡುಗಾರರಿಗೆ ಕರೆ ಕಳಿಸಿದ. ಯೆನ್ಸಜ್ಜ ತನ್ನದೊಂದು ಕುರ್ಚಿಯನ್ನು ತಂದು ಪಕ್ಕದಲ್ಲಿಟ್ಟು ಹೋದ. ಕತ್ತಿ ಹಿರಿದು ಒಳಗೆ ನುಗ್ಗಿದ ನೆರೆಯ ರಾಜ, ದೂರದಿಂದ ಬಂದವನಲ್ಲವೇ, ಒಂದು ಗಳಿಗೆ ದಣಿವಾರಿಸಿಕೊಳ್ಳಲು ಅದರಲ್ಲಿ ಕೂತ.

ಯುದ್ಧಕ್ಕೆ ಇಬ್ಬರೂ ಏಳಬೇಕಿತ್ತು. ಇಬ್ಬರಿಗೂ ಮನಸ್ಸಾಗಲಿಲ್ಲ. ಎರಡು ರಾಜ್ಯದ ಜನರೂ ಅಂದಿನಿಂದ ಸುಖವಾಗಿದ್ದರು.