ಯಾರಿಗೂ ಹೋಗದ ಅಲಾರಾಂ

ಹದಿಮೂರನೇ ತಾರೀಕು ಮಧ್ಯಾಹ್ನ 3.10ಕ್ಕೆ ಠಾಣೆಗೆ ಬಂದ ದೂರುದಾರ ಕುರ್ಚಿಯಲ್ಲಿ ಕೂರಲೂ ಒಪ್ಪಲಿಲ್ಲ. ಆತ ಶೀತಲಗೃಹವೊಂದರ ಮೇಲ್ವಿಚಾರಕ. ಅಂದು ಬೆಳಿಗ್ಗೆ ಹನ್ನೊಂದು ಗಂಟೆಯ ಸುಮಾರಿಗೆ ಅಲ್ಲಿನ ಯಂತ್ರದ ಕೋಣೆಯಲ್ಲಿ ಅಮೋನಿಯಾ ಸೋರಿ, ಆಪರೇಟರ್ ಆಗಿದ್ದ ಅವನ ಒಡಹುಟ್ಟಿದ ತಮ್ಮ ಸತ್ತಿದ್ದ.

“ಅನಿಲ ಸೋರಿದ್ರೆ ರೂಟರಿಂದ ನನ್ನ ಮೊಬೈಲಿಗೆ ಅಲಾರಾಂ ಬರ್ಬೇಕು ಸಾರ್. ಬರ್ಲೇ ಇಲ್ಲ! ಬಂದಿದ್ರೆ ಮನೇಲೇ ಕೂತು ಮೊಬೈಲಿಂದ್ಲೇ ವಾಲ್ವ್ ಮುಚ್ತಿದ್ದೆ. ಆ ರೂಟರ್ ಕೂರಿಸಿದವನೇ ನನ್ನ ತಮ್ಮನ್ನ ಕೊಂದದ್ದು.”

ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿದರು. ಯಂತ್ರಗಳೆಂದರೆ ಅವರಿಗೆ ಅಷ್ಟಕ್ಕಷ್ಟೆ. ಆದರೆ ಅಣ್ಣನ ಗೋಳು ಕಂಡು ತಡಮಾಡಲಿಲ್ಲ. ರೂಟರ್ ಕೂರಿಸಿದ್ದ ಟೆಕ್ನಿಷಿಯನ್ನನನ್ನು ಮನೆಯಿಂದಲೇ ಎತ್ತಿಸಿ, ಸಂಜೆ 5.20ಕ್ಕೆ ಶೀತಲಗೃಹದಲ್ಲಿ ಅವನ ಎದುರೇ ಪಂಚನಾಮೆ ಶುರುಮಾಡಿದರು. ರೂಟರ್ ಇದ್ದ ಪೆಟ್ಟಿಗೆಯ ಬಾಗಿಲಿನ ಒಳಗಡೆ ಪಾಸ್‌ವರ್ಡ್ ಬರೆದ ಚೀಟಿ ಅಂಟಿಸಿತ್ತು.

“ಇದೇನಯ್ಯ, ಬೀಗದ ಕೈನ ಬಾಗಿಲಿಗೇ ನೇತುಹಾಕಿದೀಯಲ್ಲ?”

“ಎಲ್ರಿಗೂ ಒಂದೇ ಪಾಸ್‌ವರ್ಡ್ ಸಾರ್. ದೂರದಿಂದ ಯಾರು ಒಳಗೆ ಬಂದ್ರೂ ನನ್ನ ಹೆಸರೇ ಕಾಣುತ್ತೆ.” ಅವನು ಕೈ ಮುಗಿದ. “ಕೆಲಸ ಹೋದ್ರೆ ಹೋಗ್ಲಿ ಸಾರ್. ಕೊಲೆಗಾರ ಅಂತ ಮಾತ್ರ ಬರೀಬೇಡಿ.”

ಮಹಿಳಾ ಪೇದೆ ಲ್ಯಾಪ್‌ಟಾಪ್ ಜೋಡಿಸಿ ರೂಟರಿನ ದಾಖಲೆ ತೆರೆದಳು. ಹನ್ನೊಂದನೇ ತಾರೀಕು, ಮಧ್ಯಾಹ್ನ 2.25. ಯಾರೋ ಹೊರಗಿನಿಂದ ಪ್ರವೇಶಿಸಿ, ಅಲಾರಾಂ ಹೋಗಬೇಕಾದ ಮೊಬೈಲ್ ನಂಬರನ್ನೇ ಅಳಿಸಿದ್ದರು. ಆ ಸಂಪರ್ಕ ಯಾವ ವಿಳಾಸದ್ದೆಂದು ಕೇಳಿ ಇಂಟರ್‌ನೆಟ್ ಕಂಪನಿಗೆ ಪತ್ರ ಹೋಯಿತು.

ಹದಿನೈದರ ಬೆಳಿಗ್ಗೆ 10.40ಕ್ಕೆ ಉತ್ತರ ಬಂತು. ಪೇದೆ ಅದನ್ನು ಎರಡು ಸಲ ಓದಿದಳು. “ಸಾರ್... ಇದು ದೂರು ಕೊಟ್ಟವರ ಮನೆ.”

ಇನ್‌ಸ್ಪೆಕ್ಟರ್ ಪತ್ರವನ್ನು ತಮ್ಮ ಕಡೆ ಎಳೆದುಕೊಂಡರು. ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಸುಳ್ಳು ಅಳುವನ್ನು ಬೇಕಾದಷ್ಟು ಕಂಡಿದ್ದರು. ಇವನದು ಸುಳ್ಳೆಂದು ಈಗಲೂ ನಂಬಲಾಗಲಿಲ್ಲ.

ಅವನನ್ನು ಕರೆಸಿ, ಟೆಕ್ನಿಷಿಯನ್ನನ ಎದುರು ಕೂರಿಸಿದರು.

“ಹನ್ನೊಂದನೇ ತಾರೀಕು ರೂಟರೊಳಗೆ ಹೋಗಿದ್ರಾ?”

“ಹೋಗಿದ್ದೆ.” ಅವನು ತಡವರಿಸಲೂ ಇಲ್ಲ. “ಶೀತಲಕೋಣೆ ಬಾಗಿಲು ತೆರೆದಿದೆ ಅಂತ ಮೊಬೈಲಲ್ಲಿ ಅಲಾರಾಂ ಸುಮ್‌ಸುಮ್ನೆ ಬಡ್ಕೊಳ್ತಿತ್ತು. ರೂಟರಲ್ಲಿ ಬಾಗಿಲಿನ ಅಲಾರಾಂ ಪುಟದಿಂದ ನನ್ನ ನಂಬರ್ ಅಳಿಸ್ದೆ. ಅನಿಲದ ಪುಟ ಮುಟ್ಟಲೇ ಇಲ್ಲ ಸಾರ್.”

ಇನ್‌ಸ್ಪೆಕ್ಟರ್ ಟೆಕ್ನಿಷಿಯನ್ನನ ಕಡೆ ತಿರುಗಿದರು. ತಪ್ಪಿಸಿಕೊಂಡೆನೆಂಬ ಸಂತೋಷ ಆ ಮುಖದಲ್ಲಿ ಎಳ್ಳಷ್ಟೂ ಇರಲಿಲ್ಲ.

“ನಂಬರುಗಳದ್ದು ಇರೋದು ಒಂದೇ ಪಟ್ಟಿ ಅಣ್ಣಾ. ಯಾವ ಪುಟದಲ್ಲಿ ಅಳಿಸಿದ್ರೂ ಎಲ್ಲಾ ಕಡೆಯಿಂದ ಹೋಗ್ಬಿಡುತ್ತೆ, ಅನಿಲದ್ದರಿಂದಲೂ.”

ದೂರುದಾರ ಒಮ್ಮೆ ಅವನನ್ನು, ಒಮ್ಮೆ ತನ್ನ ಕೈಗಳನ್ನು ನೋಡಿದ. ಆಮೇಲೆ ಹೊರಟ ಕೂಗಿಗೆ ಹೊರಗಿನ ಪಹರೆಯವನು ಓಡಿಬಂದ.

ಮಧ್ಯಾಹ್ನ 12.15ಕ್ಕೆ, ನಿರ್ಲಕ್ಷ್ಯದಿಂದ ಸಾವಿಗೆ ಕಾರಣನಾದ ಆರೋಪದ ಮೇಲೆ ದೂರುದಾರನ ಬಂಧನವಾಯಿತು. ಟೆಕ್ನಿಷಿಯನ್ನನನ್ನು ಮನೆಗೆ ಕಳಿಸಿದರು. ಬಂಧಿತ ಅಣ್ಣ ಹೇಳಿಕೆಗೆ ಸಹಿ ಹಾಕುವ ಮುಂಚೆ ಅವನನ್ನು ಇನ್‌ಸ್ಪೆಕ್ಟರ್ ಮೆಲ್ಲಗೆ ಕೇಳಿದರು: “ಅದು ಬಡ್ಕೊಂಡ್ರೆ ಬಡ್ಕೊಳ್ಳಲಿ ಅಂತ ಬಿಡಬಾರದಿತ್ತೇನಪ್ಪ?”

“ಅಮ್ಮಂಗೆ ಆಪರೇಷನ್ ಆಗಿತ್ತು ಸಾರ್. ಅದು ಕೂಗಿದಾಗೆಲ್ಲ ಬೆಚ್ಚಿಬೀಳೋಳು, ಹೊಲಿಗೆ ನೋಯೋದು. ತಮ್ಮಂಗೆ ಫೋನಲ್ಲಿ ಹೇಳಿದ್ಲು. ಅವನೇ ನಂಗಂದ... ‘ಅಣ್ಣಾ, ಅದರ ಬಾಯಿ ಮುಚ್ಚಿಸು, ಇಲ್ಲಿ ನಾನಿದೀನಲ್ಲ’ ಅಂತ.”

ಇನ್‌ಸ್ಪೆಕ್ಟರ್ ಅದನ್ನು ಅವನು ಹೇಳಿದಂತೆಯೇ ಬರೆದುಕೊಂಡರು.