ತಿರುವಿನಲ್ಲಿ ಕಂಡ ಮುಖ

ಮಂಗಳವಾರ ಸಂಜೆ ಪಿಟೀಲು ಮೇಷ್ಟ್ರ ತಂಗಿ ಠಾಣೆಗೆ ಬಂದು ದೂರು ಕೊಟ್ಟಳು. ಮಧ್ಯಾಹ್ನ ಯಾರೋ ಅಣ್ಣನನ್ನು ಎರಡನೇ ಮಹಡಿಯ ಮೆಟ್ಟಿಲಿನಿಂದ ತಳ್ಳಿದ್ದಾರೆ, ತಲೆಗೆ ಪೆಟ್ಟಾಗಿ ಆಸ್ಪತ್ರೆಯಲ್ಲಿ ತೀರಿಕೊಂಡ ಎಂದಳು. ಇನ್‌ಸ್ಪೆಕ್ಟರ್ ಮೇಡಂ ಎಫ್‌ಐಆರ್ ದಾಖಲಿಸಿ, ದಫೇದಾರನೊಂದಿಗೆ ಹೋಗಿ ಸ್ಥಳ ಪಂಚನಾಮೆ ಮುಗಿಸಿದರು.

ಪ್ರತ್ಯಕ್ಷ ಸಾಕ್ಷಿ ಅಲ್ಲೇ ಸಿಕ್ಕಳು. ಮೇಷ್ಟ್ರ ಎದುರು ಮನೆಯಲ್ಲಿ ಬಟ್ಟೆ ಹೊಲಿಯುವ ಹೆಂಗಸು. ಕೂಗಾಟ ಕೇಳಿ ಬಾಗಿಲು ತೆಗೆದಾಗ ಒಬ್ಬ ಕೆಳಗೆ ಓಡುತ್ತಿದ್ದನಂತೆ. ಮೆಟ್ಟಿಲ ತಿರುವಿನಲ್ಲಿ ಹಿಂದಿರುಗಿ ನೋಡಿದನಂತೆ. ಎಲ್ಲೋ ನೋಡಿದ ಮುಖ ಎಂದಳು. ಹಿಂದಿನ ದಿನ ನಲ್ಲಿ ರಿಪೇರಿಗೆ ಬಂದಿದ್ದ ಪ್ಲಂಬರ್‌ಗೂ ಮೇಷ್ಟ್ರಿಗೂ ಮಾತಿಗೆ ಮಾತು ಬೆಳೆದಿತ್ತೆಂದು ತಿಳಿದು, ದಫೇದಾರ ಅವನ ಫೋಟೊ ತರಿಸಿ ತೋರಿಸಿದ.

"ಇವನೇ," ಎಂದಳು.

ಪ್ಲಂಬರ್ ಸಿಕ್ಕಿಬಿದ್ದ. ಆ ದಿನ ಜ್ವರವೆಂದು ಮನೆಯಲ್ಲಿ ಒಬ್ಬನೇ ಮಲಗಿದ್ದೆ ಎಂದ. ದಂಡಾಧಿಕಾರಿಗಳ ಸಮ್ಮುಖದಲ್ಲಿ ಗುರುತಿನ ಪರೇಡ್ ನಡೆದಾಗ ಹೊಲಿಗೆಯವಳು ತಡಮಾಡದೆ ಅವನತ್ತ ಕೈ ತೋರಿಸಿದಳು. ಈ ಮುಖವನ್ನು ಸಾಯುವ ತನಕ ಮರೆಯಲಾರೆ ಎಂದೂ ಹೇಳಿದಳು.

"ಕಣ್ಣಾರೆ ಕಂಡೋರೇ ಇರುವಾಗ ಇನ್ನೇನು ಬೇಕು ಮೇಡಂ?" ಎಂದ ದಫೇದಾರ.

ಮೇಡಂಗೆ ಮಾತ್ರ ಕೂತಲ್ಲಿ ಕೂರಲಾಗಲಿಲ್ಲ. ಮೊದಲ ದಿನ "ಎಲ್ಲೋ ನೋಡಿದ ಮುಖ", ಈಗ "ಸಾಯುವ ತನಕ ಮರೆಯಲಾರೆ". ನಡುವೆ ಈ ಖಾತ್ರಿ ಎಲ್ಲಿಂದ ಬಂತು? ಪರೇಡಿನಲ್ಲಿ ನಿಂತವರಲ್ಲಿ ಅವಳು ಮೊದಲೇ ಫೋಟೊದಲ್ಲಿ ನೋಡಿದ್ದ ಮುಖ ಅದೊಂದೇ. ಠಾಣೆಯ ಹೊರಗೆ ಬೆಂಚಿನ ಮೇಲೆ ಪ್ಲಂಬರ್‌ನ ಹೆಂಡತಿ ಬೆಳಗಿನಿಂದ ಕೂತಿದ್ದಳು. ಮೇಡಂ ಹಾದುಹೋದಾಗಲೆಲ್ಲ ಎದ್ದು ನಿಲ್ಲುತ್ತಿದ್ದಳು. ಕೊನೆಗೆ ಕೇಳಿಯೇಬಿಟ್ಟಳು.

"ಜ್ವರ ಬಂದಿದ್ದನ್ನ ಯಾರೂ ನೋಡಿಲ್ಲ ಅಂದ್ರೆ, ಬಂದೇ ಇಲ್ಲ ಅಂತಾನಾ ಮೇಡಂ?"

ಮೇಡಂ ಜೀಪು ಹತ್ತಿದರು.

ಘಟನೆ ನಡೆದ ಹೊತ್ತಿಗೇ ಸರಿಯಾಗಿ ಹೊಲಿಗೆಯವಳನ್ನು ಅವಳ ಬಾಗಿಲಲ್ಲೇ ನಿಲ್ಲಿಸಿದರು. ಸಿಬ್ಬಂದಿಯಲ್ಲೊಬ್ಬ ಮೆಟ್ಟಿಲಿಳಿದು ಓಡಿದ, ತಿರುವಿನಲ್ಲಿ ಹಿಂದಿರುಗಿ ನೋಡಿದ, ಮರೆಯಾದ. ಅವನ ಬೆನ್ನಿಗಿದ್ದ ದೊಡ್ಡ ಕಿಟಕಿಯಿಂದ ಬಿಸಿಲು ಕಣ್ಣಿಗೆ ರಾಚುತ್ತಿತ್ತು.

"ಯಾರು ಹೋಗಿದ್ದು?"

"ದಫೇದಾರರು. ನಾನು ನೋಡಿದ್ನಲ್ಲ."

ಅವಳ ಬೆನ್ನ ಹಿಂದಿನ ಕೋಣೆಯಿಂದ ದಫೇದಾರ ಹೊರಬಂದ. ಹೊಲಿಗೆಯವಳು ಅವನನ್ನೂ ಖಾಲಿ ತಿರುವನ್ನೂ ತಿರುಗಿ ತಿರುಗಿ ನೋಡಿದಳು. ಸುಳ್ಳು ಹೇಳುವ ಜೀವವಲ್ಲ ಅದು.

"ಹಾಗಾದ್ರೆ ಅವತ್ತು ನಾನು ನೋಡಿದ್ದು ಯಾರನ್ನ?"

"ಒಬ್ಬ ಗಂಡಸನ್ನ. ಮುಖ ನಾವು ಕೊಟ್ವಿ," ಎಂದರು ಮೇಡಂ.

ಘಟನೆಯ ಹಿಂದಿನ ದಿನ ಪ್ಲಂಬರ್ ಅವಳಲ್ಲಿ ಕುಡಿಯಲು ನೀರು ಕೇಳಿದ್ದ. ಅದು ಅವಳಿಗೆ ಆಗ ನೆನಪಾಯಿತು. ಫೋಟೊದ ಮುಖ ಪರಿಚಿತ ಅನ್ನಿಸಿದ್ದು ಅದಕ್ಕೇ.

ಕಣ್ಣಾರೆ ಕಂಡವಳಿದ್ದಾಳೆಂದು ಬೀದಿಯಾಚೆಯ ಔಷಧಿ ಅಂಗಡಿಯ ಕ್ಯಾಮೆರಾವನ್ನು ಯಾರೂ ನೋಡಿರಲಿಲ್ಲ. ಈಗ ನೋಡಿದರು. ಮೇಷ್ಟ್ರು ಬಿದ್ದ ಮೇಲೆ ಆಂಬ್ಯುಲೆನ್ಸ್ ಬರುವ ತನಕ ಆ ಕಟ್ಟಡದಿಂದ ಒಂದು ನರಪಿಳ್ಳೆಯೂ ಹೊರಬಿದ್ದಿರಲಿಲ್ಲ. ಇದ್ದುದೇ ಒಂದು ಬಾಗಿಲು. ನೆಲಮಹಡಿ ಬೀಗ ಜಡಿದ ಗೋದಾಮು. ಮೊದಲ ಮಹಡಿಯಲ್ಲಿ ಬೇಕರಿಯ ರಾತ್ರಿ ಪಾಳಿಯವನೊಬ್ಬನೇ ವಾಸ. ಹೊಲಿಗೆಯವಳ ಚೀರಾಟ ಕೇಳಿ ಮೊದಲು ಓಡಿಬಂದು ಮೇಷ್ಟ್ರನ್ನು ಎತ್ತಿದವನು ಅವನೇ. ಹಾಗಾಗಿ ಅವನನ್ನು ಯಾರೂ ಸಂಶಯದಿಂದ ನೋಡಿರಲಿಲ್ಲ.

"ಅವತ್ತು ಮಧ್ಯಾಹ್ನ ಎಲ್ಲಿದ್ರಿ?"

"ಮನೇಲೇ. ಮಲಗಿದ್ದೆ."

"ನಿದ್ದೆ ಬಂದಿತ್ತಾ?"

ಬೇಕರಿಯವನು ಕೆಂಡದಂಥ ಕಣ್ಣುಗಳನ್ನು ಎತ್ತಿ ನೋಡಿದ. "ಇಲ್ಲ ಮೇಡಂ. ಬರ್ತಾನೇ ಇರ್ಲಿಲ್ಲ," ಎಂದು ಎಲ್ಲವನ್ನೂ ಒಪ್ಪಿಕೊಂಡ.

ಈ ಸಲ ಮೇಡಂ ಬರೀ ಬಾಯಿಮಾತನ್ನು ನಂಬಲಿಲ್ಲ. ಅವನ ತೋಳಿನ ಗೀರುಗಳನ್ನು ವೈದ್ಯರಿಗೆ ತೋರಿಸಿ, ರಕ್ತದ ಮಾದರಿ ಕಳಿಸಿ, ಅವನ ಮನೆಗೆ ಕಾವಲಿಟ್ಟು ಚಡಪಡಿಸುತ್ತ ಕಾದರು. ಮರಣೋತ್ತರ ಪರೀಕ್ಷೆಯಲ್ಲಿ ಮೇಷ್ಟ್ರ ಉಗುರಿನಲ್ಲಿ ಸಿಕ್ಕ ಚರ್ಮ ಅವನದೇ ಎಂದು ಪ್ರಯೋಗಾಲಯ ಹೇಳಿದ ಮೇಲೆಯೇ ದಸ್ತಗಿರಿ ಬರೆಸಿದರು. ಪ್ಲಂಬರ್ ಹೆಂಡತಿಯ ಜೊತೆ ಮನೆಗೆ ಹೋದ. ಯಾರ ಮುಖವನ್ನೂ ನೋಡಲಿಲ್ಲ.

ಬೇಕರಿಯವನ ಹೇಳಿಕೆ ಬರೆದುಕೊಂಡರು. ರಾತ್ರಿಯೆಲ್ಲ ಒಲೆಯ ಮುಂದೆ ಬೆಂದು ಬಂದು ಕಣ್ಣು ಮುಚ್ಚಿದರೆ ನೆತ್ತಿಯ ಮೇಲೆ ಪಿಟೀಲು ಪಾಠ. ಎಷ್ಟೋ ಸಲ ಬೇಡಿಕೊಂಡಿದ್ದ. ಆ ದಿನ ಮತ್ತೆ ಹತ್ತಿ ಹೋದಾಗ, ಹಗಲು ಮಲಗುವುದು ಸೋಮಾರಿಗಳ ಕೆಲಸವೆಂದು ಮೇಷ್ಟ್ರು ತೋಳು ಹಿಡಿದು ಹೊರಗೆ ಎಳೆದರಂತೆ. ಕೈ ಕೊಡವಿದೆ, ಅಷ್ಟೇ ನೆನಪು ಎಂದ.

ಹೇಳಿಕೆಗೆ ಸಹಿ ಹಾಕಿಸಲು ದಫೇದಾರ ಲಾಕಪ್ಪಿಗೆ ಹೋದ. ಬೇಕರಿಯವನು ಬರೀ ನೆಲದ ಮೇಲೆ, ಠಾಣೆಯ ಅಷ್ಟೂ ಗದ್ದಲದ ನಡುವೆ, ಬಾಯಿ ತೆರೆದು ಗಾಢವಾಗಿ ನಿದ್ದೆ ಹೋಗಿದ್ದ.