ಉಶಿಜಿಮ ಮನೆಯ ಮುದ್ರೆ

“ಇದು ಯಾರ ಮುದ್ರೆ?”

ಬೆಳಗಿನ ಊಟಕ್ಕೆ ಕೂತಿದ್ದ ಮೂವರೂ ತಲೆ ಎತ್ತಿದರು. ಸೇಜಿ ಮತ್ತು ಅವನ ಹೆಂಡತಿ ಫುಮಿಯೆ ಎತ್ತಿದ್ದು ಮಾತು ಕೇಳಿ. ಅವರ ಮಗಳು ಚಿಹೊ ಎತ್ತಿದ್ದು ಮೇಜು ಅದುರಿದ್ದರಿಂದ. ಅಜ್ಜಿ ತೋಮೆ ತಂದು ಕುಕ್ಕಿದ ಕಾಗದ ಸುಟ್ಟ ಮೀನಿನ ತಟ್ಟೆಗೆ ತಾಗಿಕೊಂಡು ಬಿದ್ದಿತ್ತು. ಅದು ಕಿವುಡರ ಶಾಲೆಯ ಅರ್ಜಿ. ಹೈಸ್ಕೂಲು ಮುಗಿಸಿದವರಿಗೆ ಆ ಶಾಲೆಯಲ್ಲಿ ಇನ್ನೆರಡು ವರ್ಷ ಕಸುಬು ಕಲಿಸುತ್ತಿದ್ದರು. ಮೊದಲಿನಿಂದ ಇದ್ದದ್ದು ಕ್ಷೌರದ ವಿಭಾಗ, ಹೊಸದಾಗಿ ಬಂದದ್ದು ಕಂಪ್ಯೂಟರ್ ವಿಭಾಗ. ಗುರುತು ಬಿದ್ದಿದ್ದು ಕಂಪ್ಯೂಟರಿಗೆ. ಕೆಳಗೆ ಪೋಷಕರ ಹೆಸರಿನ ಪಕ್ಕ, ಸಹಿಯ ಬದಲು, ಕೆಂಪು ಶಾಯಿಯಲ್ಲಿ ‘ಉಶಿಜಿಮ’ ಎಂದು ಮನೆತನದ ಹೆಸರು ದುಂಡಗೆ ಒತ್ತಿತ್ತು.

ಅಷ್ಟು ದುಂಡಗಿದ್ದದ್ದೇ ಎಡವಟ್ಟಾಯಿತು. ಮನೆಯ ನಿಜವಾದ ಮುದ್ರೆಯ ಎಡ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಚೂರು ಎಂದೋ ಹಾರಿಹೋಗಿದೆ. ಹಿರಿಯರ ಫೋಟೋ ಇಟ್ಟ ಗೂಡಿನ ಖಾನೆಯಲ್ಲಿ ನಲವತ್ತು ವರ್ಷ ಅದನ್ನು ಬೀಗ ಹಾಕಿ ಕಾದ ತೋಮೆಗೆ ಅಷ್ಟು ಗೊತ್ತಾಗದೆ ಇರುತ್ತದೆಯೆ?

“ಪುಸ್ತಕದಂಗಡೀಲಿ ನೂರು ಯೆನ್‌ಗೆ ಸಿಗುತ್ತಲ್ಲಮ್ಮ, ಆ ಥರದ್ದು ಇರಬೇಕು,” ಎಂದ ಸೇಜಿ. ಅಂದಮೇಲೆ ನಾಲಿಗೆ ಕಚ್ಚಿಕೊಂಡ.

ಫುಮಿಯೆ ಮಗಳ ಮುಖ ನೋಡಿದಳು. ಅದು ಸುಣ್ಣದಂತೆ ಬಿಳಿಚಿಕೊಂಡಿತ್ತು. ಹೆತ್ತವಳಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

“ನಾನೇ ಒತ್ತಿದ್ದು, ಅತ್ತೆ,” ಎಂದಳು.

“ನೀನಾ? ಇಪ್ಪತ್ತು ವರ್ಷ ಈ ಮನೆ ಅನ್ನ ತಿಂದು ಕೊನೆಗೆ ಕಲಿತದ್ದು ಕಳ್ಳ ಮುದ್ರೆ ಒತ್ತೋದನ್ನ. ನಿನ್ನ ತವರಲ್ಲಿ ಇದನ್ನೇ ಹೇಳಿಕೊಟ್ಟು ಕಳಿಸಿದ್ರೇನು?”

ಮಾತು ಕೇಳಿಸದಿದ್ದರೂ ಯಾರ ಮೇಲೆ ಏನು ಬೀಳುತ್ತಿದೆಯೆಂದು ಚಿಹೊಗೆ ತಿಳಿಯಿತು. ಅವಳು ಎದ್ದು ಅಜ್ಜಿಯ ಎದುರು ನಿಂತಳು. ನಾನು, ಅಮ್ಮ ಅಲ್ಲ, ನಾನು ಎಂದು ಅವಳ ಕೈಗಳು ಹೇಳತೊಡಗಿದವು. ತೋಮೆ ಆ ಕೈಗಳನ್ನು ಒಮ್ಮೆ ನೋಡಿದಳು. ಆಮೇಲೆ ಎರಡೂ ಕಣ್ಣು ಮುಚ್ಚಿಕೊಂಡಳು.

ಕಿವಿ ಕೇಳುವವರ ಮನೆಯಲ್ಲಿ ಬಾಗಿಲು ಹಾಕಿಕೊಂಡರೂ ಹೊರಗಿನಿಂದ ಕೂಗಿ ಮಾತಾಡಬಹುದು. ಕೈಯಲ್ಲಿ ಮಾತಾಡುವವರ ಎದುರು ಕಣ್ಣು ಮುಚ್ಚಿಕೊಂಡರೆ ಮುಗಿಯಿತು, ಅಲ್ಲಿಗೆ ಅವರ ದನಿಯೇ ಅಡಗಿಹೋಗುತ್ತದೆ. ಚಿಹೊ ಅಜ್ಜಿಯ ತೋಳು ಹಿಡಿದು ಅಲ್ಲಾಡಿಸಿದಳು. ಮುದುಕಿ ಕಣ್ಣು ಬಿಡಲಿಲ್ಲ. ಕಣ್ಣು ಮುಚ್ಚಿಕೊಂಡೇ ಕಾಗದವನ್ನು ಎರಡಾಗಿ, ನಾಲ್ಕಾಗಿ ಹರಿದಳು. ಹುಡುಗಿ ಬಿಕ್ಕುತ್ತ ಮಹಡಿ ಮೆಟ್ಟಿಲು ಹತ್ತಿದಳು. ಆ ಸದ್ದು ಅವಳೊಬ್ಬಳಿಗೆ ಬಿಟ್ಟು ಉಳಿದವರಿಗೆಲ್ಲ ಕೇಳಿಸಿತು...

ತೋಮೆಯನ್ನು ಕಲ್ಲೆದೆಯವಳು ಎಂದರೆ ಸುಳ್ಳಾಗುತ್ತದೆ. ಹಿಮಿ ಪಟ್ಟಣದ ಮೀನುಪೇಟೆಯ ಹಿಂದಿನ ಈ ಕ್ಷೌರದಂಗಡಿಯನ್ನು ಹಾಕಿದ್ದು ಅವಳ ಅಣ್ಣ ಕಾಂಜಿ. ಅವನಿಗೂ ಕಿವಿ ಕೇಳುತ್ತಿರಲಿಲ್ಲ. ಮೀನು ಬುಟ್ಟಿ ಹೊರಲು ಹೋದರೆ ಕರೆದದ್ದು ಕೇಳುವುದಿಲ್ಲವೆಂದು ಅಟ್ಟುತ್ತಿದ್ದರು. ಬೀದಿ ಹುಡುಗರು ಬೆನ್ನಿಗೆ ಕಪ್ಪೆಚಿಪ್ಪು ಎಸೆಯುತ್ತಿದ್ದರು. ಶಾಲೆಯಲ್ಲಿ ಕತ್ತರಿ ಹಿಡಿಯುವುದು ಕಲಿತು ಬಂದಮೇಲೆ ಅದೇ ಹುಡುಗರ ಅಪ್ಪಂದಿರು ಅವನ ಮುಂದೆ ತಲೆ ತಗ್ಗಿಸಿ ಕೂತರು. ಅಣ್ಣ ತೀರಿಕೊಂಡು ಎಷ್ಟೋ ವರ್ಷವಾಯಿತು. ತೋಮೆಯ ಮಗ ಸೇಜಿ ಅದೇ ಕುರ್ಚಿಯ ಹಿಂದೆ ನಿಂತ. ಈಗ ಸೇಜಿಯ ಬಲ ಮಣಿಕಟ್ಟು ಸೆಟೆದುಕೊಂಡು, ದಿನಕ್ಕೆ ನಾಲ್ಕು ತಲೆಗಿಂತ ಹೆಚ್ಚು ಆಗುತ್ತಿಲ್ಲ. ಎಪ್ಪತ್ತಾರರ ತೋಮೆಗೆ ನಿಂತು ಕೆಲಸ ಮಾಡಲು ಕಾಲಲ್ಲಿ ಬಲವಿಲ್ಲ. ಹಾಗಾಗಿ ಅವಳ ಲೆಕ್ಕ ಸರಳವಾಗಿತ್ತು: ಚಿಹೊ ಕತ್ತರಿ ಹಿಡಿದರೆ ಅಂಗಡಿ ಉಳಿಯುತ್ತದೆ, ಹುಡುಗಿಯೂ ಉಳಿಯುತ್ತಾಳೆ. ಚಿಹೊಗೆ ಮಾತ್ರ ಕೂದಲು ಕಂಡರೆ ಆಗುತ್ತಿರಲಿಲ್ಲ. ಅವಳು ಮಗ್ಗಿ ಪುಸ್ತಕದ ಅಂಚಿನಲ್ಲಿ ನಟ್ಟು ಬೋಲ್ಟುಗಳ ಚಿತ್ರ ಬರೆದು ಬೆಳೆದ ಹುಡುಗಿ.

ಇನ್ನೊಂದು ಸಂಗತಿಯನ್ನು ಹೇಳದಿದ್ದರೆ ಫುಮಿಯೆಯ ಸಂಕಟ ಅರ್ಥವಾಗುವುದಿಲ್ಲ. ಆ ಮನೆಯಲ್ಲಿ ಚಿಹೊಳ ಸನ್ನೆ ಭಾಷೆ ಸರಾಗವಾಗಿ ಬರುತ್ತಿದ್ದದ್ದು ತೋಮೆಯೊಬ್ಬಳಿಗೆ. ಅಣ್ಣನ ಜೊತೆ ಬೆಳೆದ ಕೈ ಅದು. ಮಗು ಚಿಕ್ಕದಿದ್ದಾಗ ಶಾಲೆಯವರು ತಾಯಂದಿರನ್ನು ಕೂರಿಸಿ, ಸನ್ನೆ ಮಾಡಲು ಬಿಟ್ಟರೆ ಬಾಯಿ ಮಾತು ಬರುವುದೇ ಇಲ್ಲ ಎಂದು ಹೆದರಿಸಿದ್ದರು. ಫುಮಿಯೆ ಅದನ್ನು ಚಾಚೂ ತಪ್ಪದೆ ಪಾಲಿಸಿದಳು. ತೋಮೆ ಕಿವಿಗೆ ಹಾಕಿಕೊಳ್ಳಲಿಲ್ಲ. ಹೀಗೆ ಮಗಳ ಮಾತೆಲ್ಲ ಅಜ್ಜಿಯ ಮಡಿಲಿಗೆ ಹೋಗಿ, ತಾಯಿಗೆ ಉಳಿದದ್ದು ಊಟ, ಛತ್ರಿ, ಬೇಗ, ಮಲಗು ಎಂಬ ನಾಲ್ಕಾರು ಸನ್ನೆಗಳು.

ಸೋಮವಾರ ಕ್ಷೌರದಂಗಡಿಗೆ ರಜೆ. ಫುಮಿಯೆ ತಾನು ಅಡುಗೆ ವಿಭಾಗದಲ್ಲಿ ದುಡಿಯುತ್ತಿದ್ದ ಸೂಪರ್‌ಮಾರ್ಕೆಟ್ಟಿಗೆ ಅರ್ಧ ದಿನ ರಜೆ ಹೇಳಿ, ರೈಲು ಹಿಡಿದು ಶಾಲೆಗೆ ಹೋದಳು. ಅರ್ಜಿ ಕೊಡಲು ಬುಧವಾರ ಕೊನೆಯ ದಿನ. ಕಂಪ್ಯೂಟರ್ ವಿಭಾಗದ ಮೇಷ್ಟ್ರು ಕುರಿಮೊಟೊ ಐವತ್ತರ ಸುಮಾರಿನವರು, ಅವರಿಗೂ ಕಿವಿ ಕೇಳದು. ಮುದ್ರೆಯ ಜಗಳದಲ್ಲಿ ಅರ್ಜಿ ಹರಿದುಹೋಯಿತು, ಇನ್ನೊಂದು ಬೇಕು ಎಂದು ಅವಳು ಚೀಟಿಯಲ್ಲಿ ಬರೆದು ತೋರಿಸಿದಾಗ ಅವರು ತಲೆದೂಗಿ, ಪಾಠ ಮುಗಿಯುವವರೆಗೆ ಹಿಂದಿನ ಕುರ್ಚಿಯಲ್ಲಿ ಕೂತಿರಲು ಕೈ ತೋರಿಸಿದರು.

ಆರು ಜನ ಮಕ್ಕಳು ಆರು ಕಂಪ್ಯೂಟರಿನ ಮುಂದೆ ಯಾವುದೋ ಯಂತ್ರದ ಬಿಡಿಭಾಗದ ನಕ್ಷೆ ಬರೆಯುತ್ತಿದ್ದರು. ಕುರಿಮೊಟೊ ದೀಪದ ಸ್ವಿಚ್ಚನ್ನು ಎರಡು ಬಾರಿ ಆರಿಸಿ ಹಚ್ಚಿದರು. ಆರೂ ಮುಖಗಳು ಅವರ ಕಡೆ ತಿರುಗಿದವು. ಅವರು ಕೈಯಲ್ಲಿ ಏನೋ ವಿವರಿಸಿದರು. ಅಷ್ಟು ಹೊತ್ತು ಒಂದು ಬೆರಳೂ ಕೀಲಿಮಣೆ ಮುಟ್ಟಲಿಲ್ಲ. ಅವರು ಮುಗಿಸಿ ಕೈ ಇಳಿಸಿದಮೇಲೆ ಮಕ್ಕಳು ಪರದೆಗೆ ತಿರುಗಿದರು. ಈಗ ಮೇಷ್ಟ್ರು ಸುಮ್ಮನೆ ನಿಂತರು. ಒಬ್ಬ ಹಿಂದೆ ಉಳಿದಿದ್ದ. ಅವನೂ ತಲೆ ಎತ್ತುವ ತನಕ ಕಾದರು. ಮತ್ತೆ ದೀಪ, ಮತ್ತೆ ಕೈ, ಮತ್ತೆ ಕಾಯುವುದು. ಎಷ್ಟು ಹೊತ್ತು ಹಾಳು ಎಂದು ಫುಮಿಯೆಗೆ ಮೊದಲು ಅನಿಸಿತು. ಮೂರನೇ ಸಲ ದೀಪ ಆರಿ ಹತ್ತಿದಾಗ ಅವಳಿಗೆ ಹಳೆಯದೊಂದು ನೆನಪಾಯಿತು.

ನಾಲ್ಕು ವರ್ಷದ ಚಿಹೊ... ತೊಡೆಯ ಮೇಲೆ ಚಿತ್ರದ ಪುಸ್ತಕ. ನಾಯಿಯ ಚಿತ್ರದ ಮೇಲೆ ಬೆರಳಿಟ್ಟು, ಅದೇ ಗಳಿಗೆಗೆ ಬಾಯಿ ಅಗಲಿಸಿ ನಾಯಿ, ನಾಯಿ ಎನ್ನುತ್ತಿದ್ದಳು ಫುಮಿಯೆ. ಮಗು ಚಿತ್ರ ನೋಡಿದರೆ ಬಾಯಿ ತಪ್ಪುತ್ತಿತ್ತು, ಬಾಯಿ ನೋಡಿದರೆ ಚಿತ್ರ ತಪ್ಪುತ್ತಿತ್ತು. ಎರಡು ಕಣ್ಣಿದ್ದರೂ ಎರಡು ಕಡೆ ನೋಡಲಾಗುವುದಿಲ್ಲವಲ್ಲ! ಅದು ಹೊಳೆಯಲೇ ಇಲ್ಲ ಅವಳಿಗೆ. ಮೊಂಡು ಹಟ ಎಂದುಕೊಂಡಳು, ದಡ್ಡಿ ಎಂದು ಅತ್ತಳು. ಮಗು ಅಜ್ಜಿ ಕಲಿಸಿದಂತೆ ಕೈಯೆತ್ತಿ ನಾಯಿ ಎಂದು ಸನ್ನೆ ಮಾಡಿ ನಕ್ಕಾಗ, ಆ ಪುಟ್ಟ ಕೈಗಳ ಮೇಲೆ ಹೊಡೆದು, ಮೇಜಿನ ಕೆಳಗೆ ಒತ್ತಿ ಹಿಡಿದಿದ್ದಳು. ಒಂದು ದಿನವಲ್ಲ, ಎರಡು ವರ್ಷ.

ತೋರಿಸುವುದು, ಕಾಯುವುದು, ಆಮೇಲೆ ಹೇಳುವುದು. ಇಷ್ಟೇನಾ? ಇಷ್ಟು ತಿಳಿಯದೆ ಹೋಯಿತಾ ನನಗೆ... ಫುಮಿಯೆ ಕೈವಸ್ತ್ರ ಬಾಯಿಗೆ ತುರುಕಿಕೊಂಡು ಅತ್ತಳು. ಆ ಕೋಣೆಯಲ್ಲಿ ಅದನ್ನು ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ, ಆದರೆ ಎಲ್ಲರೂ ನೋಡಿದರು. ಒಬ್ಬಳು ಹುಡುಗಿ ಎದ್ದು ಬಂದು ಅವಳ ಮುಂದೆ ಚಹಾದ ಲೋಟ ಇಟ್ಟು ಹೋದಳು.

ಪಾಠ ಮುಗಿದಮೇಲೆ ಫುಮಿಯೆ ಚೀಟಿಯಲ್ಲಿ ಬರೆದಳು: ‘ನಮ್ಮ ಅತ್ತೆಗೆ ಭಯ. ಯಂತ್ರ ಇವತ್ತಿರುತ್ತೆ, ನಾಳೆ ಹೋಗುತ್ತೆ, ಕೂದಲು ಮಾತ್ರ ಬೆಳೀತಾನೇ ಇರುತ್ತೆ ಅಂತಾರೆ. ಏನು ಹೇಳಲಿ?’

ಕುರಿಮೊಟೊ ಓದಿ ನಕ್ಕರು. ‘ಅವರು ಹೇಳೋದು ನಿಜ,’ ಎಂದು ಬರೆದರು. ‘ನಾನು ಇದೇ ಶಾಲೇಲಿ ಅಚ್ಚುಮೊಳೆ ಜೋಡಿಸೋದು ಕಲಿತೆ. ಇಪ್ಪತ್ತು ವರ್ಷಕ್ಕೆ ಆ ಕೆಲಸವೇ ಹೋಯ್ತು. ನಲವತ್ತಕ್ಕೆ ಕಂಪ್ಯೂಟರ್ ಕಲಿತೆ. ಇದೂ ಹೋಗಬಹುದು. ಆಗ ಇನ್ನೊಂದು ಕಲಿಯೋದು. ಕಲಿಯೋಕೆ ಬರುತ್ತೆ ಅನ್ನೋದನ್ನೇ ಇಲ್ಲಿ ಕಲಿಸ್ತೀವಿ.’ ಅರ್ಜಿ ಕೊಡುತ್ತ ಕೆಳಗೆ ಇನ್ನೊಂದು ಸಾಲು ಸೇರಿಸಿದರು: ‘ಪುಸ್ತಕದಂಗಡೀಲಿ ಕೊಂಡ ಮುದ್ರೆಯಾದರೂ ನಡೆಯುತ್ತೆ.’

ನಿಲ್ದಾಣದ ಎದುರಿನ ಪುಸ್ತಕದಂಗಡಿಯಲ್ಲಿ ಮುದ್ರೆಗಳ ತಿರುಗುವ ಕಪಾಟಿತ್ತು. ಉಶಿಜಿಮ ಸಿಕ್ಕಿತು. ಫುಮಿಯೆ ಅದನ್ನು ತೆಗೆದು ಅಂಗೈಯಲ್ಲಿ ಹಿಡಿದು ನಿಂತಳು. ಒತ್ತಿ, ಇಲ್ಲೇ ಟಪಾಲಿಗೆ ಹಾಕಿದರೆ ಕೆಲಸವಾಯಿತು. ಚಿಹೊ ಓದುತ್ತಾಳೆ. ಆದರೆ ಅಜ್ಜಿ ಕಣ್ಣು ಮುಚ್ಚಿಕೊಂಡೇ ಉಳಿದರೆ? ಸಂಜೆ ರೈಲಿಳಿದು ಮನೆಗೆ ಬರುವ ಹುಡುಗಿ ಯಾರ ಹತ್ತಿರ ಮಾತಾಡಬೇಕು? ಅವಳು ಮುದ್ರೆಯನ್ನು ಇದ್ದ ಜಾಗಕ್ಕೆ ಇಟ್ಟು ರೈಲು ಹತ್ತಿದಳು.

ಅಂಗಡಿಯಲ್ಲಿ ತೋಮೆ ಚರ್ಮದ ಪಟ್ಟಿಗೆ ಕ್ಷೌರದ ಕತ್ತಿ ಮಸೆಯುತ್ತ ಕೂತಿದ್ದಳು. ಶಾಲೆಗೆ ಹೋಗಲೊಲ್ಲದ ಚಿಹೊ ಗಿರಾಕಿಗಳ ಬೆಂಚಿನ ಮೇಲೆ ಮುದುಡಿಕೊಂಡಿದ್ದಳು. ಸೇಜಿ ಮಣಿಕಟ್ಟಿಗೆ ಬಿಸಿ ಬಟ್ಟೆ ಸುತ್ತಿಕೊಳ್ಳುತ್ತಿದ್ದ. ಫುಮಿಯೆ ಹೊಸ ಅರ್ಜಿಯನ್ನು ಅತ್ತೆಯ ಮುಂದಿಟ್ಟು, ನೆಲದ ಮೇಲೆ ಮೊಣಕಾಲೂರಿ ಹಣೆ ತಗ್ಗಿಸಿದಳು.

“ಮುದ್ರೆ ಕೇಳೋಕೆ ಬಂದಿದೀನಿ, ಅತ್ತೆ.”

“ಏನಕ್ಕೆ? ಇನ್ನೊಂದು ಕಳ್ಳ ಮುದ್ರೆ ಸಿಗಲಿಲ್ವಾ?”

“ಸಿಕ್ತು. ಬೇಡ ಅಂತ ಇಟ್ಟು ಬಂದೆ.”

ಕತ್ತಿ ಪಟ್ಟಿಯ ಮೇಲೆ ನಿಂತಿತು. “ನೋಡಮ್ಮ. ನನ್ನಣ್ಣನ ಬೆನ್ನ ಮೇಲೆ ಚಿಪ್ಪಿನ ಗಾಯ ಸಾಯೋ ತನಕ ಇತ್ತು. ತೊಳೆದವಳು ನಾನು. ನಾನು ಹೋದ್ಮೇಲೆ ಈ ಮಗೂಗೆ ಯಾರು ದಿಕ್ಕು? ಆ ಕಂಪ್ಯೂಟರ್ ಡಬ್ಬನಾ? ಅಂಗಡಿ ಮುಚ್ಚಿದ್ರೆ ಅವಳು ಎಲ್ಲಿ ನಿಲ್ಲಬೇಕು?”

“ಅಂಗಡಿ ಮುಚ್ಚೋದು ಬೇಡ. ನಾನು ಕತ್ತಿ ಹಿಡೀತೀನಿ.”

ಸೇಜಿಯ ಕೈಯಿಂದ ಬಟ್ಟೆ ಜಾರಿತು. “ನೀನಾ? ಮೊನ್ನೆ ತಾನೇ ನಿನ್ನ ಅಡುಗೆ ವಿಭಾಗಕ್ಕೆ ಮುಖ್ಯಸ್ಥೆ ಮಾಡಿದ್ರಲ್ಲೇ.”

“ಬಿಡ್ತೀನಿ. ಅಂಚೆ ಮೂಲಕ ಮೂರು ವರ್ಷದ ಕ್ಷೌರದ ಓದಿದೆಯಂತೆ. ಅಂಗಡೀಲಿ ಕೆಲಸ ಮಾಡ್ಕೊಂಡೇ ಓದಬಹುದು. ಆಮೇಲೆ ಲೈಸೆನ್ಸ್ ಪರೀಕ್ಷೆ.” ಸೂಪರ್‌ಮಾರ್ಕೆಟ್ಟಿನ ಆ ಬಿಳಿ ಏಪ್ರನ್ನು, ಎದೆಯ ಮೇಲಿನ ಹೆಸರಿನ ಚೀಟಿ, ಮನೆಯ ಹೊರಗೆ ಅವಳದೇ ಎಂದಿದ್ದ ಒಂದೇ ಜಾಗ ಅದು.

“ನಲವತ್ಮೂರನೇ ವಯಸ್ಸಿಗೆ,” ಎಂದಳು ತೋಮೆ. “ಮೂಲಂಗಿ ತುರಿಯೋವಾಗ್ಲೇ ಬೆರಳು ಕುಯ್ಕೊಳ್ಳೋಳು.”

“ಕುಯ್ಕೊಂಡು ಕುಯ್ಕೊಂಡೇ ಕಲೀತೀನಿ, ಅತ್ತೆ. ನಿಮ್ಮಣ್ಣನ ಕುರ್ಚಿ ಖಾಲಿ ಬಿಡಲ್ಲ. ಅದಕ್ಕೆ ಚಿಹೊನ ಕಟ್ಟಿಹಾಕಬೇಡಿ.”

ಬೆಂಚಿನ ಮೇಲೆ ಚಿಹೊ ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಕಣ್ಣು ಹೊರಳಿಸುತ್ತ ಒದ್ದಾಡುತ್ತಿದ್ದಳು. ಫುಮಿಯೆ ಅವಳ ಕಡೆ ತಿರುಗಿದಳು. ಅರ್ಜಿಯನ್ನು ತೋರಿಸಿದಳು. ಮಗಳು ಅದನ್ನು ನೋಡಿ ಮುಗಿಸುವ ತನಕ ಕಾದಳು. ಅವಳ ಕಣ್ಣು ಮೇಲೆ ಬಂದಮೇಲೆ ಕೈಯೆತ್ತಿ, ತಡವರಿಸುತ್ತ, ನೀನು ಶಾಲೆ ಎಂದಳು. ನಾನು ಎಂದು ಎದೆ ಮುಟ್ಟಿಕೊಂಡು, ಕುರ್ಚಿ ತೋರಿಸಿ, ಕತ್ತರಿಯಾಡಿಸಿದಳು. ಇನ್ನೊಂದು ಮಾತಿತ್ತು, ಅದಕ್ಕೆ ಸನ್ನೆ ಗೊತ್ತಿರಲಿಲ್ಲ. ಅವಳು ಮಗಳ ಎರಡೂ ಕೈ ಹಿಡಿದು, ಅಂದು ಹೊಡೆದಿದ್ದ ಜಾಗಕ್ಕೆ ಹಣೆ ಒತ್ತಿದಳು. ಚಿಹೊಗೆ ಮೊದಲು ತಿಳಿಯಲಿಲ್ಲ. ತಿಳಿದಾಗ ತಾಯಿಯ ತಲೆಯ ಮೇಲೆ ಮುಖವಿಟ್ಟು ಗಟ್ಟಿಯಾಗಿ ಅತ್ತುಬಿಟ್ಟಳು...

“ಕ್ಷಮಿಸು ಅನ್ನೋಕೆ ಹಾಗಲ್ಲ,” ಎಂದಳು ತೋಮೆ. ಕತ್ತಿಯನ್ನು ಬದಿಗಿಟ್ಟು, ಎರಡು ಬೆರಳಲ್ಲಿ ಹುಬ್ಬುಗಳ ನಡುವೆ ಚಿವುಟಿದಂತೆ ಮಾಡಿ, ಅಂಗೈಯನ್ನು ಮುಂದಕ್ಕೆ ಇಳಿಸಿ ತೋರಿಸಿದಳು. “ಹೀಗೆ. ಸರಿಯಾಗಿ ನೋಡ್ಕೊ.”

ಫುಮಿಯೆ ಹಾಗೇ ಮಾಡಿದಳು. ತೋಮೆ ಅರ್ಜಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.

“ಆ ಮೇಷ್ಟ್ರು... ಪಾಠ ಮಾಡೋದು ಕೈಯಲ್ಲೇನಾ?”

“ಕೈಯಲ್ಲೇ. ಅವರಿಗೂ ಕಿವಿ ಕೇಳಲ್ಲ.”

“ಹುಡುಗರು ಏನಾದ್ರೂ ಎಸೀತಾರಾ?”

“ಇಲ್ಲ ಅತ್ತೆ. ನಾನು ಅತ್ತಿದ್ದಕ್ಕೆ ಒಂದು ಹುಡುಗಿ ಚಹಾ ತಂದುಕೊಟ್ಲು.”

ಮುದುಕಿ ಗೋಡೆ ಹಿಡಿದು ಎದ್ದು ಒಳಗೆ ಹೋದಳು. ಬೀಗದ ಸದ್ದಾಯಿತು. ಹೊರಗೆ ಬಂದು, ಮುದ್ರೆಯನ್ನು ಶಾಯಿಗೆ ಅದ್ದಿ, ಉಸಿರು ಬಿಗಿಹಿಡಿದು ಅರ್ಜಿಯ ಮೇಲೆ ತಾನೇ ಒತ್ತಿದಳು. ಚಿಹೊ ಅಜ್ಜಿಯ ಕೊರಳಿಗೆ ಬಿದ್ದಾಗ ಅವರ ಕೈಗಳು ಏನೇನು ಮಾತಾಡಿಕೊಂಡವೋ, ಫುಮಿಯೆಗೆ ಅರ್ಧವೂ ಅರ್ಥವಾಗಲಿಲ್ಲ. ಆದರೂ ಅವಳಿಗೆ ಹೊಟ್ಟೆಕಿಚ್ಚಾಗಲಿಲ್ಲ.

ಏಪ್ರಿಲ್‌ನಲ್ಲಿ ಎರಡು ಓದು ಒಟ್ಟಿಗೆ ಶುರುವಾದವು. ಒಂದು ಸೋಮವಾರ ಸಂಜೆ ಚಿಹೊ ಶಾಲೆಯಿಂದ ಬಂದಾಗ, ಅಂಗಡಿಯಲ್ಲಿ ಸೇಜಿ ಕೆನ್ನೆ ಉಬ್ಬಿಸಿ ಬಲೂನು ಊದುತ್ತಿದ್ದ. ಫುಮಿಯೆ ಬಲೂನಿಗೆ ಸೋಪಿನ ನೊರೆ ಬಳಿದು ಕತ್ತಿಯಿಂದ ಹೆರೆಯುತ್ತಿದ್ದಳು. ಹೊಸಬರು ಕ್ಷೌರ ಕಲಿಯುವುದು ಬಲೂನಿನ ಮೇಲೆಯೇ. ಏಳನೆಯದು ಢಬ್ಬೆಂದು ಒಡೆದು, ತೋಮೆಯ ಕನ್ನಡಕದ ತುಂಬ ನೊರೆಯಾಯಿತು.

“ಸದ್ಯ, ಗಿರಾಕಿಗಳಿಗೆ ರಜೆ,” ಎಂದಳು ತೋಮೆ ಕನ್ನಡಕ ಒರೆಸಿಕೊಳ್ಳುತ್ತ. “ಇನ್ನೊಂದು ಊದೋ ಸೇಜಿ. ಇದನ್ನ ಗೆದ್ದರೆ ಮುಂದೆ ನಿನ್ನ ಗಡ್ಡವೇ.”

ಚಿಹೊ ನಕ್ಕು ನಕ್ಕು ಬೆಂಚಿನ ಮೇಲೆ ಕುಸಿದಳು. ಆಮೇಲೆ ತಾಯಿಯ ಭುಜ ತಟ್ಟಿ, ಅವತ್ತಿನ ಪಾಠದ ವಿಷಯ ಹೇಳತೊಡಗಿದಳು. ಒಂದು ಗೀಟು ಕೂದಲೆಳೆಯಷ್ಟು ತಪ್ಪಿದ್ದು, ಮೇಷ್ಟ್ರು ಹಿಡಿದದ್ದು, ಅವಳೇ ಸರಿಮಾಡಿದ್ದು. ಕೈಗಳು ಸರಸರನೆ ಓಡಿದವು. ಫುಮಿಯೆ ಕತ್ತಿ ಕೆಳಗಿಟ್ಟು, ಕಣ್ಣು ಕದಲಿಸದೆ ನೋಡಿದಳು. ಮೊದಲಾಗಿದ್ದರೆ ತಿಳಿದವಳಂತೆ ತಲೆಯಾಡಿಸಿಬಿಡುತ್ತಿದ್ದಳು. ಈಗ ತಲೆಯಾಡಿಸಲಿಲ್ಲ. ಒಂದು ಬೆರಳೆತ್ತಿ, ಇನ್ನೊಂದು ಸಲ ಎಂದಳು.

ಚಿಹೊ ತಾಯಿಯ ಎದುರಿಗೆ ಸರಿದು ಕೂತು, ನಿಧಾನವಾಗಿ, ಮೊದಲಿನಿಂದ ಹೇಳತೊಡಗಿದಳು.